ಗುಂಡಿ ತೋಡಿದರೂ ಧಾರೆಗೆ ನೀರು ಬರದಿದ್ದರೆ

ಉತ್ತರಾಖಂಡದ ಕುಮಾವೂಂನ ನಿಮ್ಮ ಹಳ್ಳಿಯಲ್ಲಿ ಎರಡು ಮಳೆಗಾಲ ಇಂಗುಗುಂಡಿ ತೋಡಿದರೂ ಧಾರೆ, ಅಂದರೆ ಬೆಟ್ಟದಿಂದ ಹೊರಬರುವ ಬುಗ್ಗೆ, ಬೇಸಿಗೆಗೆ ಬತ್ತುತ್ತಿದೆ ಅಂದಿರಿ. ಗುಂಡಿಗಳು ತಪ್ಪು ಜಾಗದಲ್ಲಿರುವ ಸಾಧ್ಯತೆಯೇ ಜಾಸ್ತಿ. ಇಂಗಿದ ನೀರು ಬಂಡೆಯ ಪದರ ವಾಲಿದ ಕಡೆ ಹೋಗುತ್ತದೆ, ಊರಿನ ಗಡಿ ನೋಡುವುದಿಲ್ಲ. ನಾನು ಕೆಲಸ ಮಾಡಿದ ಒಂದು ಕಡೆ ನೀರು ಇಂಗುತ್ತಿದ್ದದ್ದು ಬೆಟ್ಟದ ಆಚೆ, ಪಕ್ಕದ ಊರಿನ ಹುಲ್ಲುಗಾವಲಿನಲ್ಲಿ.

ಸದ್ಯಕ್ಕೆ ತೋಡುವುದನ್ನು ನಿಲ್ಲಿಸಿ. ವಾರಕ್ಕೊಮ್ಮೆ ಧಾರೆಯ ಕೆಳಗೆ 10 ಲೀಟರ್ ಬಕೆಟ್ ಇಟ್ಟು, ತುಂಬಲು ಎಷ್ಟು ಸೆಕೆಂಡು ಬೇಕು ಅಂತ ಬರೆದಿಡಿ. ಪಕ್ಕದಲ್ಲೇ ಮಳೆ ಲೆಕ್ಕವೂ ಇರಲಿ. ಆಮೇಲೆ ರಸ್ತೆಗಾಗಿ ಗುಡ್ಡ ಕಡಿದ ಜಾಗಗಳಲ್ಲಿ ಪದರಗಳು ಯಾವ ಕಡೆ ವಾಲಿವೆ ನೋಡಿ. ಆಚೆಯಿಂದ ನಿಮ್ಮ ಧಾರೆಯತ್ತ ಇಳಿಯುತ್ತಿದ್ದರೆ ಇಂಗುವ ಜಾಗವೂ ಆಚೆಯೇ ಇರಬಹುದು. ಬಂಡೆ ಬಿರುಕು ಬಿಟ್ಟಿದ್ದರೆ ಈ ಅಂದಾಜು ಕೈಕೊಡುತ್ತದೆ, ಆಗ ಭೂವಿಜ್ಞಾನಿಯೇ ಬಂದು ನೋಡಬೇಕು.

ಜಾಗ ಪಕ್ಕದ ಊರಿನದಾದರೆ ಈ ಕೆಲಸಕ್ಕೆ ಯಾರಲ್ಲಾದರೂ ಹಣ ಕೇಳುವ ಮೊದಲೇ ಅವರ ವನ ಪಂಚಾಯತಿ (ಊರ ಕಾಡು ನೋಡಿಕೊಳ್ಳುವ ಸಮಿತಿ) ಜೊತೆ ಕೂತು ಮಾತಾಡಿ. ಮೇಯಿಸುವ ಜಾಗ ಬಿಡುವವರು ಅವರು, ನೀರು ಸಿಗುವುದು ನಿಮಗೆ. ಸುಮ್ನೆ ಒಪ್ಪಲ್ಲ, ಒಪ್ಪಬೇಕಾಗಿಯೂ ಇಲ್ಲ. ತೋಡುವ ಕೂಲಿ ಅವರಿಗೇ ಕೊಡಿ, ಬದುಗಳ ಮೇಲೆ ಮೇವಿನ ಹುಲ್ಲು ಹಾಕಿ, ಅದನ್ನು ಕೊಯ್ಯುವ ಹಕ್ಕು ಅವರದೇ ಅಂತ ಕಾಗದದಲ್ಲಿ ಬರೆಯಿರಿ.

ಮಣ್ಣು ಜಾರುವ ಇಳಿಜಾರಿನಲ್ಲಿ ಮಾತ್ರ ಗುಂಡಿ ಬೇಡವೇ ಬೇಡ.

ಸಿಕ್ಕಿಂ 2008ರಿಂದ ಧಾರಾ ವಿಕಾಸ್ ಹೆಸರಲ್ಲಿ ಧಾರೆಗಳಿಗೆ ನೀರು ಮರಳಿಸುವ ಇದೇ ಕೆಲಸ ಮಾಡಿದೆ. ಭಾರತ, ನೇಪಾಳ, ಭೂತಾನ್ ಸೇರಿ 8 ದೇಶಗಳು ಸದಸ್ಯರಾಗಿರುವ ಕಠ್ಮಂಡುವಿನ ಇಸಿಮೋಡ್ (ಬೆಟ್ಟ ಪ್ರದೇಶಗಳ ಅಭಿವೃದ್ಧಿಗೆ ಕೆಲಸ ಮಾಡುವ ಸಂಸ್ಥೆ) ಇದರ ಕೈಪಿಡಿ ತಂದಿದೆ. ಬಕೆಟ್ ಲೆಕ್ಕವನ್ನು ಈ ವಾರವೇ ಶುರು ಮಾಡಿ.