ಫ್ರಿಜ್ ಮುಟ್ಟಿದರೆ ಶಾಕ್, ತಪ್ಪು ಗೀಸರ್‌ನದಿರಬಹುದು

ಪ್ರಶ್ನೆ: ನಮ್ಮದು 1986ರಲ್ಲಿ ಕಟ್ಟಿದ ಮನೆ. ಎರಡು ತಿಂಗಳಿಂದ ಬೆಳಿಗ್ಗೆ ಹೊತ್ತು ಫ್ರಿಜ್ ಮುಟ್ಟಿದರೆ ಕೈ ಜುಮ್ ಎನ್ನುತ್ತದೆ. ಮಧ್ಯಾಹ್ನ ಏನೂ ಇಲ್ಲ. ಮೆಕ್ಯಾನಿಕ್ ನೋಡಿ ಫ್ರಿಜ್ ಸರಿಯಾಗಿದೆ, ಚಪ್ಪಲಿ ಹಾಕಿಕೊಂಡು ಮುಟ್ಟಿ ಎಂದರು. ಇನ್ನೊಬ್ಬರು ಸಾಕೆಟ್‌ನಲ್ಲೇ ನ್ಯೂಟ್ರಲ್‌ಗೂ ಅರ್ಥ್‌ಗೂ ತುಂಡು ವೈರ್ ಹಾಕಿಬಿಡೋಣ ಎನ್ನುತ್ತಾರೆ. ಈಚೆಗೆ ಮಾಡಿಸಿದ ಕೆಲಸ ಎಂದರೆ ಹಳೇ ಕಬ್ಬಿಣದ ನೀರಿನ ಪೈಪ್ ತೆಗೆಸಿ ಪ್ಲಾಸ್ಟಿಕ್ ಪೈಪ್ ಹಾಕಿಸಿದ್ದು ಅಷ್ಟೇ.
– ಓದುಗರು, ತುಮಕೂರು

ಉತ್ತರ: ಕೊನೆಗೆ ಸುಮ್ನೆ ಸೇರಿಸಿದ್ದೀರಲ್ಲ, ಆ ಪೈಪಿನ ವಿಷಯ, ನನ್ನ ಅನುಮಾನವೆಲ್ಲ ಅದರ ಮೇಲೇ. ಹಳೇ ಮನೆಗಳಲ್ಲಿ ಎಷ್ಟೋ ಕಡೆ ಅರ್ಥಿಂಗ್‌ಗೆ ಗುಂಡಿಯನ್ನೇ ತೋಡುತ್ತಿರಲಿಲ್ಲ. ಅರ್ಥ್ ವೈರನ್ನು ನೀರಿನ ಕಬ್ಬಿಣದ ಪೈಪಿಗೆ ಸುತ್ತಿ ಬಿಡುತ್ತಿದ್ದರು. ಪೈಪ್ ನೆಲದೊಳಗೆ ಹೋಗುತ್ತಿತ್ತು, ಕೆಲಸ ನಡೆಯುತ್ತಿತ್ತು. ಈಗ ಪೈಪ್ ಹೋಯಿತು, ಅದರ ಜೊತೆ ಅರ್ಥಿಂಗೂ ಹೋಗಿರಬೇಕು.

ಬೆಳಿಗ್ಗೆ ಮಾತ್ರ ಯಾಕೆ? ಆಗ ಗೀಸರ್ ಹಾಕಿರುತ್ತೀರಿ, ಅಲ್ವಾ? ಗೀಸರ್‌ನ ಕಾಯಿಲ್ ಲೀಕ್ ಆದರೆ ಅದರ ಬಾಡಿಗೆ ಕರೆಂಟ್ ಬರುತ್ತದೆ. ಅಲ್ಲಿಂದ ಹಸಿರು ಅರ್ಥ್ ವೈರಿಗೆ. ಆ ವೈರ್ ಭೂಮಿಗೆ ಮುಟ್ಟದೇ ಇದ್ದರೂ ಮನೆಯ ಎಲ್ಲ ತ್ರೀ ಪಿನ್ ಸಾಕೆಟ್‌ಗಳನ್ನು ಒಂದಕ್ಕೊಂದು ಜೋಡಿಸಿರುತ್ತದೆ, ಹಾಗಾಗಿ ಬಚ್ಚಲಿನ ಗೀಸರ್‌ನ ಕರೆಂಟ್ ಅಡುಗೆಮನೆಯ ಫ್ರಿಜ್ ಬಾಗಿಲಿಗೆ ಬಂದು ನಿಲ್ಲುತ್ತದೆ. ಫ್ರಿಜ್ ಮೆಕ್ಯಾನಿಕ್‌ಗೆ ಏನೂ ಸಿಗದಿದ್ದುದು ಸಹಜ.

ಇವತ್ತೇ ಗೀಸರ್ ಪ್ಲಗ್ ಕಿತ್ತಿಡಿ. ಬರೀ ಸ್ವಿಚ್ ಆರಿಸಿದರೆ ಸಾಲದು, ಹಳೇ ವೈರಿಂಗ್‌ನಲ್ಲಿ ಕೆಲವೊಮ್ಮೆ ಸ್ವಿಚ್ಚನ್ನು ನ್ಯೂಟ್ರಲ್‌ಗೆ, ಅಂದರೆ ಕರೆಂಟ್ ವಾಪಸ್ ಹೋಗುವ ವೈರಿಗೆ ಕೊಟ್ಟಿರುತ್ತಾರೆ, ಆಗ ಆಫ್ ಮಾಡಿದರೂ ಒಳಗೆ ಫೇಸ್, ಅಂದರೆ ಕರೆಂಟ್ ತರುವ ವೈರ್, ಇದ್ದೇ ಇರುತ್ತದೆ. ಮಾರನೇ ದಿನ ಫ್ರಿಜ್ ಸುಮ್ಮನಿದ್ದರೆ ಕಳ್ಳ ಗೀಸರ್ರೇ ಇರಬೇಕು. ಆದರೂ ಪರೀಕ್ಷೆಗೆಂದು ಕೈಯಿಂದ ಮುಟ್ಟಬೇಡಿ, ಟೆಸ್ಟರ್ ಹಿಡಿಸಿ ನೋಡಿ. ಕಾಯಿಲ್ ಬದಲಾಯಿಸಿದರೆ ಜುಮ್ ಎನ್ನುವುದು ನಿಲ್ಲುತ್ತದೆ. ಅಷ್ಟಕ್ಕೇ ಬಿಟ್ಟರೆ, ನಾಳೆ ವಾಷಿಂಗ್ ಮಷೀನ್ ಲೀಕ್ ಆದಾಗ ಮತ್ತೆ ಇದೇ ಕಥೆ.

ಆ ತುಂಡು ವೈರ್ ಮಾತ್ರ ಖಂಡಿತ ಬೇಡ. ಹೊರಗೆ ನ್ಯೂಟ್ರಲ್ ಕಡಿದುಹೋದ ದಿನ, ಯಾವ ಸಾಮಾನೂ ಕೆಟ್ಟಿರದಿದ್ದರೂ, ಒಂದು ಲೈಟ್ ಹಾಕಿದರೆ ಸಾಕು, ಫ್ರಿಜ್ ಬಾಡಿಗೆ 230 ವೋಲ್ಟ್ ಬಂದು ಕೂರುತ್ತದೆ. ಇದನ್ನು ರಿಪೇರಿ ಎಂದು ಕರೆಯುವುದನ್ನು ಕೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ, ಹೊಸ ಅರ್ಥಿಂಗ್ ಗುಂಡಿ ಮಾಡಿಸಿ. ಅರ್ಥ್ ಟೆಸ್ಟರ್‌ನಲ್ಲಿ ಅಳೆದು ತೋರಿಸಲು ಹೇಳಿ, 5 ಓಮ್‌ಗಿಂತ ಕಡಿಮೆ ಇದ್ದರೆ ಒಳ್ಳೆಯದು. ಮಲ್ಟಿಮೀಟರ್‌ನಲ್ಲಿ ಫೇಸ್‌ಗೂ ಅರ್ಥ್‌ಗೂ 220 ತೋರಿಸಿತು ಎಂದು ನಂಬಬೇಡಿ, ಹಾಳಾದ ಅರ್ಥಿಂಗೂ ಅಷ್ಟು ತೋರಿಸಬಹುದು. ಫೇಸ್‌ಗೂ ಅರ್ಥ್‌ಗೂ ನಡುವೆ ಬಲ್ಬ್ ಹಚ್ಚಿ ನೋಡುವವರೂ ಇದ್ದಾರೆ. ಅರ್ಥ್ ಕಡಿದಿದ್ದರೆ ಆ ಬಲ್ಬಿನ ಮೂಲಕವೇ ಮನೆಯ ಎಲ್ಲ ಸಾಮಾನುಗಳ ಬಾಡಿಗೂ ಕರೆಂಟ್ ಹರಿಯುತ್ತದೆ, ಆದ್ದರಿಂದ ನೀವು ಆ ಕೆಲಸಕ್ಕೆ ಕೈ ಹಾಕಬೇಡಿ.

ಪ್ರಶ್ನೆ: ಎಂಸಿಬಿ ಹಾಕಿಸಿದ್ದೇವೆ. ಶಾಕ್ ಹೊಡೆದರೆ ಅದೇ ಬೀಳುತ್ತದಲ್ವಾ?
– ಓದುಗರು, ಹಾಸನ

ಉತ್ತರ: ಇಲ್ಲ. ಎಂಸಿಬಿ ಎನ್ನುವುದು ವೈರಿನಲ್ಲಿ ಕರೆಂಟ್ ಮಿತಿ ಮೀರಿ ಹರಿದಾಗ ಬೀಳುವ ಸ್ವಿಚ್. ಬೇಸಿಗೆಯಲ್ಲಿ ಗುಂಡಿ ಒಣಗಿ ಅರ್ಥಿಂಗ್ 40 ಓಮ್ ಆಗಿದೆ ಎನ್ನಿ. ಫೇಸ್ ನೇರವಾಗಿ ಬಾಡಿಗೆ ತಗುಲಿದರೂ ಹರಿಯುವುದು 6 ಆಂಪಿಯರ್‌ಗಿಂತ ಕಡಿಮೆ. 16 ಆಂಪಿಯರ್ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ, ಮನುಷ್ಯನಿಗೆ ಅದರಲ್ಲಿ ನೂರನೇ ಒಂದು ಪಾಲೂ ಅಪಾಯ. ಕರೆಂಟ್ ಸ್ವಲ್ಪ ಲೀಕ್ ಆದರೂ ಬೀಳುವ ಸ್ವಿಚ್ ಬೇರೆ ಇದೆ, ಆರ್‌ಸಿಸಿಬಿ ಎಂದು. 30 ಮಿಲಿ ಆಂಪಿಯರ್‌ನದನ್ನು ಹಾಕಿಸಿ. ಹಳೇ ಮನೆಗೆ ಹಾಕಿದ ಕೂಡಲೇ ಅದು ಪದೇ ಪದೇ ಬೀಳಬಹುದು, ಆಗ ಹೆಚ್ಚಾಗಿ ಎಲ್ಲೋ ಲೀಕ್ ಇದೆ ಎಂದೇ ಅರ್ಥ. ಹುಡುಕಿಸಿ, ಬೈಪಾಸ್ ಮಾಡಲು ಬಿಡಬೇಡಿ. ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ, ಬಿದ್ದರೆ ಸರಿ ಇದೆ.