ಮೊಸರೋ, ನಿಂಬೆಯೋ, ಟೀ ಡಿಕಾಕ್ಷನ್ನೋ?

ಪ್ರಶ್ನೆ: ಮೆಹಂದಿಗೆ ಮೊಸರು, ಮೊಟ್ಟೆ, ಎರಡು ಚಮಚ ಕೊಬ್ಬರಿ ಎಣ್ಣೆ ಹಾಕಿ ರಾತ್ರಿಯಿಡೀ ನೆನೆಸುತ್ತೇನೆ. ಆದರೂ ಬಿಳಿಕೂದಲಿಗೆ ಬಣ್ಣ ಹಿಡಿಯುತ್ತಿಲ್ಲ. ಪುಡಿ ಸರಿಯಿಲ್ಲವೇ?
— ಗೃಹಿಣಿ, ಹಾವೇರಿ

ಪುಡಿಯನ್ನು ಬೈಯುವ ಮುಂಚೆ ಬೆರಕೆಯನ್ನು ಕಡಿಮೆ ಮಾಡಿ. ಮೆಹಂದಿಯ ಬಣ್ಣ ಲಾಸೋನ್ ಎಂಬ ಅಂಶದ್ದು. ಅದು ಕೂದಲಿನ ಕೆರಾಟಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಮೊಸರು, ಮೊಟ್ಟೆಯಲ್ಲೂ ಪ್ರೋಟೀನೇ ಇರುವುದರಿಂದ ಬಣ್ಣದ ಒಂದು ಪಾಲು ಬಟ್ಟಲಲ್ಲೇ ಖರ್ಚಾಗುತ್ತದೆ. ಎಣ್ಣೆ ಕೂದಲಿಗೆ ಪದರ ಕಟ್ಟಿ ಉಳಿದದ್ದನ್ನೂ ತಡೆಯುತ್ತದೆ. ಕೂದಲು ಮೃದುವಾಗಲಿ ಎಂದಿದ್ದರೆ ಮೊಸರನ್ನು ಬೇರೆ ದಿನ ಹಚ್ಚಿ.

ಭುಜದವರೆಗಿನ ಕೂದಲಿಗೆ 100 ಗ್ರಾಂ ಪುಡಿ ಸಾಕು. ಜರಡಿ ಹಿಡಿದು, ಸುಮಾರು 300 ಮಿ.ಲೀ. ಉಗುರುಬೆಚ್ಚಗಿನ ನೀರನ್ನು ಸ್ವಲ್ಪಸ್ವಲ್ಪವೇ ಹಾಕುತ್ತಾ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ. ಕುದಿಯುವ ನೀರು ಬೇಡ. ಬಣ್ಣ ಬೇಗ ಬಿಡುತ್ತದೆ, ಅಷ್ಟೇ ಬೇಗ ಸತ್ವ ಕಳೆದುಕೊಳ್ಳುತ್ತದೆ. ಮುಚ್ಚಿಟ್ಟ ಮೇಲೆ ಗಡಿಯಾರ ನೋಡುವುದಕ್ಕಿಂತ ಅಂಗೈ ನೋಡುವುದು ಮೇಲು: ಒಂದು ಚುಕ್ಕೆ ಇಟ್ಟು ಐದು ನಿಮಿಷಕ್ಕೆ ಒರೆಸಿದಾಗ ಕಿತ್ತಳೆ ಕಲೆ ಉಳಿದರೆ ಹಚ್ಚಲು ಸಿದ್ಧ. ಬೇಸಿಗೆಯಲ್ಲಿ ಇದು ಬೇಗ ಆಗುತ್ತದೆ, ಚಳಿಗಾಲದಲ್ಲಿ ತಡ. ಹಿಂದಿನ ದಿನವೇ ಶಾಂಪೂ ಹಾಕಿ ಎಣ್ಣೆ ತೆಗೆದಿರಬೇಕು. ಹಚ್ಚಿ ಶವರ್ ಕ್ಯಾಪ್ ಹಾಕಿಕೊಂಡು ಎರಡು ಮೂರು ಗಂಟೆ ಬಿಡಿ. ಒಣಗಿದ ಮೆಹಂದಿ ಬಣ್ಣ ಕೊಡುವುದಿಲ್ಲ. ಬರೀ ನೀರಲ್ಲಿ ತೊಳೆದು, ಎರಡು ದಿನ ಶಾಂಪೂ ಮುಟ್ಟಬೇಡಿ. ಮೊದಲ ದಿನದ ಕಿತ್ತಳೆ ಅಷ್ಟರಲ್ಲಿ ಗಾಢವಾಗುತ್ತದೆ.

ಪ್ರಶ್ನೆ: ನಿಂಬೆರಸ ಹಾಕಿದರೆ ನೆತ್ತಿ ತುರಿಸುತ್ತದೆ. ಬದಲಿಗೆ ಟೀ, ಕಾಫಿ ಅಥವಾ ಬೀಟ್‌ರೂಟ್ ರಸ ಹಾಕಬಹುದೇ?
— ಓದುಗರು, ಮೈಸೂರು

ಬಣ್ಣ ಬಿಡಲು ತುಸು ಹುಳಿ ನೆರವಾಗುವುದು ನಿಜ. ಆದರೆ ಬರೀ ನಿಂಬೆರಸದಲ್ಲೇ ಕಲಸಿದರೆ ನೆತ್ತಿ ಒಣಗಿ ಉರಿಯುತ್ತದೆ, ಬಣ್ಣ ಬಿಡಲು ಹೆಚ್ಚು ಹೊತ್ತೂ ಬೇಕು. ಟೀ ಡಿಕಾಕ್ಷನ್ನಿನ ನಸುಹುಳಿಯೇ ಸಾಕು: ಎರಡು ಚಮಚ ಟೀಪುಡಿಯನ್ನು 350 ಮಿ.ಲೀ. ನೀರಲ್ಲಿ ಹತ್ತು ನಿಮಿಷ ಕುದಿಸಿ, ಸೋಸಿ, ಆರಿಸಿ. ಹಾಲು, ಸಕ್ಕರೆ ಬೇಡ. ಕಾಫಿ, ಬೀಟ್‌ರೂಟ್‌ಗಳ ಬಣ್ಣ ಕೂದಲಿಗೆ ಕಚ್ಚುವುದಿಲ್ಲ, ಒಂದೆರಡು ಸ್ನಾನಕ್ಕೆ ಹೋಗುತ್ತದೆ. ಬೀಟ್‌ರೂಟನ್ನು ಪಲ್ಯಕ್ಕೇ ಇಟ್ಟುಕೊಳ್ಳಿ.

ಪ್ರಶ್ನೆ: ಕಬ್ಬಿಣದ ಬಾಣಲೆಯಲ್ಲೇ ನೆನೆಸಬೇಕೆನ್ನುತ್ತಾರೆ. ಏನಾದರೂ ಲಾಭವಿದೆಯೇ?
— ಓದುಗರು, ಶಿವಮೊಗ್ಗ

ಕೆಂಪಿಗಿಂತ ಕಂದು ಬೇಕಿದ್ದರೆ ಇದೆ. ಕಬ್ಬಿಣ ಲಾಸೋನ್ ಜೊತೆಗೂ, ಟೀ ಮತ್ತು ನೆಲ್ಲಿಕಾಯಿಯ ಟ್ಯಾನಿನ್ ಎಂಬ ಒಗರು ಅಂಶದ ಜೊತೆಗೂ ಸೇರಿ ಕಪ್ಪಾಗುತ್ತದೆ. ಹುಳಿ ಹೆಚ್ಚಾದಷ್ಟೂ ಕಬ್ಬಿಣ ಹೆಚ್ಚು ಬಿಡುತ್ತದೆ. ಆದರೆ ಮೇಲ್ಪದರ ಕಪ್ಪಾಯಿತೆಂದು ಕೂದಲೂ ಕಪ್ಪಾಗುತ್ತದೆಂದು ನಂಬಬೇಡಿ. ಕೆಂಪೇ ಬೇಕಾದವರಿಗೆ ಸ್ಟೀಲ್ ಅಥವಾ ಗಾಜಿನ ಬಟ್ಟಲು ಒಳ್ಳೆಯದು.

ಪ್ರಶ್ನೆ: ಮೆಹಂದಿಯ ನಂತರ ನೀಲಿ ಸೊಪ್ಪಿನ (ಇಂಡಿಗೋ) ಪುಡಿಯನ್ನೂ ಟೀ ಡಿಕಾಕ್ಷನ್ನಿನಲ್ಲೇ ನೆನೆಸಿಟ್ಟು ಹಚ್ಚಿದೆ. ಕಪ್ಪಾಗಲೇ ಇಲ್ಲ.
— ಓದುಗರು, ಬಳ್ಳಾರಿ

ನೀಲಿಗೆ ಹುಳಿ ಆಗುವುದೇ ಇಲ್ಲ. ಟೀ, ನಿಂಬೆ, ಮೊಸರು ಯಾವುದೂ ಬೇಡ. ಬರೀ ಬೆಚ್ಚಗಿನ ನೀರು, ಚಿಟಿಕೆ ಉಪ್ಪು; ಕಲಸಿ ಹದಿನೈದು ನಿಮಿಷಕ್ಕೇ ಹಚ್ಚಬೇಕು, ನೆನೆಸಿಟ್ಟರೆ ಸತ್ವ ಹೋಗುತ್ತದೆ. ಮೆಹಂದಿ ಪೂರ್ತಿ ತೊಳೆದ ಮೇಲೆ ಹಚ್ಚಿ, ಒಂದೂವರೆ ಗಂಟೆ ಬಿಡಿ. ಮೊದಲ ದಿನ ಹಸಿರು ಛಾಯೆ ಕಂಡರೆ ಗಾಬರಿ ಬೇಡ, ಎರಡು ದಿನದಲ್ಲಿ ಕಪ್ಪಿಗೆ ತಿರುಗುತ್ತದೆ.

ಪ್ರಶ್ನೆ: ಅರ್ಧ ಗಂಟೆಯಲ್ಲಿ ಕಪ್ಪಾಗಿಸುವ ‘ಕಪ್ಪು ಮೆಹಂದಿ’ ಪೊಟ್ಟಣಕ್ಕೆ ಇದನ್ನೆಲ್ಲ ಬೆರೆಸಬಹುದೇ?
— ಓದುಗರು, ಮಂಗಳೂರು

ಬೇಡ. ಮದರಂಗಿ ಸೊಪ್ಪು ತಾನಾಗಿ ಕಪ್ಪು ಕೊಡುವುದಿಲ್ಲ. ಇಂಥ ಪೊಟ್ಟಣಗಳಲ್ಲಿ ಸಾಮಾನ್ಯವಾಗಿ ಪಿಪಿಡಿ ಎಂಬ ರಾಸಾಯನಿಕ ಬಣ್ಣವಿರುತ್ತದೆ. ಕೆಲವರಿಗೆ ಅದರಿಂದ ನೆತ್ತಿ, ಕಣ್ಣಿನ ರೆಪ್ಪೆ ಊದಿಕೊಂಡು ಗುಳ್ಳೆ ಏಳುತ್ತವೆ. ಬಳಸುವುದೇ ಆದರೆ ಪೊಟ್ಟಣದ ಮೇಲೆ ಬರೆದಂತೆಯೇ ಕಲಸಿ, ಮೊದಲು ಕಿವಿಯ ಹಿಂದೆ ಚುಕ್ಕೆ ಹಚ್ಚಿ 48 ಗಂಟೆ ಕಾದು ನೋಡಿ. ಜಿ6ಪಿಡಿ ಎಂಬ ಕಿಣ್ವದ (ಎನ್‌ಜೈಮ್) ಕೊರತೆ ಇರುವ ಮಕ್ಕಳಿಗಂತೂ ಅಪ್ಪಟ ಮೆಹಂದಿಯನ್ನೂ ಹಚ್ಚಬಾರದು. ಅವರ ಕೆಂಪು ರಕ್ತಕಣಗಳು ಒಡೆಯುವ ಅಪಾಯವಿದೆ.