ಇಲಿಯಲ್ಲಿ ಕಡಿಮೆಯಾದ ಗಂಟು ರೋಗಿಗೆ ಭರವಸೆಯೇ?

ಪ್ರಶ್ನೆ: ನಮ್ಮ ಮಾವನವರಿಗೆ ಲಿವರ್ ಕ್ಯಾನ್ಸರ್ ಪತ್ತೆಯಾಗಿದೆ. ರಾಸಾಯನಿಕ ಕೊಟ್ಟು ಕ್ಯಾನ್ಸರ್ ಬರಿಸಿದ ಇಲಿಗಳಲ್ಲಿ ಒಂದು ಗಿಡಮೂಲಿಕೆಯ ಸಾರದಿಂದ ಗಂಟುಗಳು ಕಡಿಮೆಯಾದವೆಂದು ಓದಿದೆ. ಆಸ್ಪತ್ರೆಯ ಚಿಕಿತ್ಸೆ ಬಿಟ್ಟು ಅದನ್ನೇ ಕೊಡಬಹುದೇ?
– ಓದುಗರೊಬ್ಬರು, ಮಾನ್ವಿ, ರಾಯಚೂರು ಜಿಲ್ಲೆ

ಉತ್ತರ: ದಯವಿಟ್ಟು ಚಿಕಿತ್ಸೆ ನಿಲ್ಲಿಸಬೇಡಿ. ಇಂತಹ ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸುವುದು ಡೈಈಥೈಲ್‌ನೈಟ್ರೋಸಮೀನ್ ಎಂಬ ರಾಸಾಯನಿಕವನ್ನು. ದೇಹಕ್ಕೆ ಸೇರಿದ ರೂಪದಲ್ಲಿಯೇ ಅದು ಕ್ಯಾನ್ಸರ್ ತರುವುದಿಲ್ಲ. ಯಕೃತ್ತಿನ ಕೋಶಗಳಲ್ಲಿರುವ ಸೈಟೋಕ್ರೋಮ್ ಪಿ450 ಗುಂಪಿನ ಕಿಣ್ವಗಳು ಅದನ್ನು ಮಾರ್ಪಡಿಸಿದಾಗ ಹುಟ್ಟುವ ವಸ್ತು ಡಿಎನ್‌ಎಗೆ ಅಂಟಿಕೊಳ್ಳುತ್ತದೆ, ಕೋಶ ಒಡೆದು ಎರಡಾಗುವಾಗ ಆ ದೋಷ ಕಾಯಮ್ಮಾಗುತ್ತದೆ. ಯಕೃತ್ತು ಭರದಿಂದ ಬೆಳೆಯುತ್ತಿರುವ, ಹುಟ್ಟಿ ಎರಡು ವಾರವಾದ ಗಂಡು ಮರಿಗೆ ಒಂದೇ ಚುಚ್ಚುಮದ್ದು ಸಾಕಾಗುವುದು ಇದರಿಂದಲೇ. ಸುಮಾರು 8ರಿಂದ 10 ತಿಂಗಳ ಬಳಿಕ, ಕಡುಗೆಂಪು ಯಕೃತ್ತಿನ ಮೇಲೆ ಎದ್ದ ಬಿಳಿಚಿದ ಗಂಟುಗಳನ್ನು ಎಣಿಸಿ, ಅಳೆದು, ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಹೆಣ್ಣು ಮರಿಗಳಲ್ಲಿ ಗಂಟುಗಳು ಕಡಿಮೆ. ಮನುಷ್ಯರಲ್ಲಿಯೂ ಈ ಕಾಯಿಲೆ ಗಂಡಸರಿಗೇ ಹೆಚ್ಚು ಎಂಬುದನ್ನು ಇಲ್ಲಿ ನೆನೆಯಬಹುದು.

ನೀವು ಓದಿದ ವರದಿಯಲ್ಲಿ ಮೊದಲು ಹುಡುಕಬೇಕಾದದ್ದು, ಸಾರವನ್ನು ಯಾವಾಗ ಕೊಟ್ಟರು ಎಂಬುದನ್ನು. ರಾಸಾಯನಿಕಕ್ಕೆ ಮುಂಚೆ ಅಥವಾ ಅದರ ಜೊತೆಯಲ್ಲಿಯೇ ಕೊಟ್ಟಿದ್ದರೆ, ಸಾರವು ಆ ಕಿಣ್ವಗಳನ್ನು ತಡೆದು, ವಿಷವು ತನ್ನ ಕೆಲಸ ಶುರುಮಾಡದಂತೆ ನೋಡಿಕೊಂಡಿರಬಹುದು. ಗಂಟು ಕಡಿಮೆಯಾದದ್ದು ಆಗಲೂ ನಿಜವೇ, ಆದರೆ ಈಗಾಗಲೇ ಗಂಟು ಬೆಳೆದಿರುವ ನಿಮ್ಮ ಮಾವನವರಿಗೆ ಅದರಿಂದ ಏನೂ ದಕ್ಕುವುದಿಲ್ಲ. ಗಿಡಮೂಲಿಕೆಗಳ ಕುರಿತ ಇಂತಹ ಅನೇಕ ವರದಿಗಳು ಈ ಬಗೆಯವೇ ಆಗಿದ್ದು, ತಲೆಬರಹದಲ್ಲಿ ಮಾತ್ರ ಔಷಧವೆಂದು ಮೆರೆಯುತ್ತವೆ. ಗಂಟು ಬೆಳೆದ ಮೇಲೆ ಕೊಟ್ಟು ಕುಗ್ಗಿಸಿದ್ದರೆ ಅದು ಚಿಕಿತ್ಸೆಯ ವಿಚಾರ. ಆಗಲೂ ಮನುಷ್ಯರ ಮೇಲಿನ ಪರೀಕ್ಷೆ ಬಾಕಿ ಇರುತ್ತದೆ.

ಇನ್ನೊಂದು ವ್ಯತ್ಯಾಸವೂ ಇದೆ. ಒಂದೇ ಚುಚ್ಚುಮದ್ದು ಪಡೆದ ಇಲಿಯಲ್ಲಿ ಗಂಟಿನ ಸುತ್ತಲಿನ ಯಕೃತ್ತು ಬಹುಮಟ್ಟಿಗೆ ಚೆನ್ನಾಗಿಯೇ ಇರುತ್ತದೆ, ಆದರೆ ಮನುಷ್ಯರಲ್ಲಿ ಹೆಪಟೈಟಿಸ್ ಬಿ ಅಥವಾ ಸಿ ವೈರಸ್ ಸೋಂಕು, ಮದ್ಯ, ಕೊಬ್ಬು ಇವುಗಳಿಂದ ವರ್ಷಗಟ್ಟಲೆ ನಲುಗಿ ಗಡುಸಾದ ಯಕೃತ್ತಿನಲ್ಲಿಯೇ ಬಹುಪಾಲು ಕ್ಯಾನ್ಸರ್ ಹುಟ್ಟುತ್ತದೆ. ಇದನ್ನು ಸರಿದೂಗಿಸಲೆಂದೇ ಕೆಲವರು ಇಲಿಗೆ ಯಕೃತ್ತನ್ನು ನಲುಗಿಸುವ ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ರಾಸಾಯನಿಕವನ್ನೂ ಮತ್ತೆ ಮತ್ತೆ ಕೊಡುತ್ತಾರೆ. ನಲುಗಿದ ಯಕೃತ್ತಿಗೆ ಕೆಲವು ಗಿಡಮೂಲಿಕೆಗಳೂ ಹೊರೆಯಾಗುತ್ತವೆ; ಈಗಾಗಲೇ ಏನಾದರೂ ಕೊಡುತ್ತಿದ್ದರೆ ಮುಚ್ಚಿಡದೆ ವೈದ್ಯರಿಗೆ ತಿಳಿಸಿ.

ಪ್ರಶ್ನೆ: ಪ್ರಯೋಗದ ಇಲಿಗಳಿಗೆ ಲಿವರ್ ಕ್ಯಾನ್ಸರ್ ತರುವ ವಿಷ ಬೂಷ್ಟು ಹಿಡಿದ ಶೇಂಗಾದಲ್ಲಿಯೂ ಇರುತ್ತದೆಯೇ? ಹುರಿದರೆ ಹೋಗುತ್ತದೆಯೇ?
– ಓದುಗರೊಬ್ಬರು, ಕುಷ್ಟಗಿ, ಕೊಪ್ಪಳ ಜಿಲ್ಲೆ

ಉತ್ತರ: ಇರಬಹುದು, ಹುರಿದರೂ ಪೂರ್ತಿ ಹೋಗುವುದಿಲ್ಲ. ಅದರ ಹೆಸರು ಅಫ್ಲಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಬ್ರೆಜಿಲ್‌ನ ಶೇಂಗಾ ಹಿಂಡಿ ತಿಂದ ಟರ್ಕಿ ಕೋಳಿಗಳು ಒಂದು ಲಕ್ಷಕ್ಕೂ ಹೆಚ್ಚು ಸತ್ತಾಗ ಇದು ಬೆಳಕಿಗೆ ಬಂತು. ದೊಡ್ಡ ಜಾತಿಯ ಇಲಿಗಳಿಗೆ (ರ‍್ಯಾಟ್) ಇದರ ಅತ್ಯಲ್ಪ ಪ್ರಮಾಣವೂ ಕ್ಯಾನ್ಸರ್ ತರುತ್ತದೆ, ಚಿಕ್ಕ ಜಾತಿಯ ಬೆಳೆದ ಇಲಿಗಳು (ಮೌಸ್) ಮಾತ್ರ ತಮ್ಮ ಯಕೃತ್ತಿನ ಒಂದು ಕಿಣ್ವದ ಬಲದಿಂದ ಬಹಳಷ್ಟನ್ನು ತಾಳಿಕೊಳ್ಳುತ್ತವೆ. ಚಿಕ್ಕ ಜಾತಿಯ ಇಲಿಯನ್ನಷ್ಟೇ ನೋಡಿದ್ದರೆ ನಾವು ಮೋಸಹೋಗುತ್ತಿದ್ದೆವು, ಏಕೆಂದರೆ ಮನುಷ್ಯರಿಗೂ ಇದು ಕ್ಯಾನ್ಸರ್‌ಕಾರಕವೆಂಬುದು ಖಚಿತವಾಗಿದೆ, ಹೆಪಟೈಟಿಸ್ ಬಿ ಇದ್ದವರಿಗಂತೂ ಅಪಾಯ ಹಲವು ಪಟ್ಟು. ಕಾಯಿಗಳನ್ನು ಚೆನ್ನಾಗಿ ಒಣಗಿಸಿ ಇಡಿ. ಸುಕ್ಕಿದ, ಕಪ್ಪಾದ, ಬೂಷ್ಟು ಹಿಡಿದ ಕಾಳುಗಳನ್ನು ಆರಿಸಿ ಎಸೆಯಿರಿ. ಅವನ್ನು ಎಮ್ಮೆಗೂ ಹಾಕಬೇಡಿ, ವಿಷ ಹಾಲಿನಲ್ಲಿ ಇಳಿಯುತ್ತದೆ.